ಮತ್ತೆ ಮತ್ತೆ ಹೇಳಿದ ಸಾವು

ನನ್ನ ಹೆಂಡತಿಯ ತಂಗಿ ತೀರಿಕೊಂಡದ್ದು ಈ ಶ್ರಾವಣದ ಎರಡನೆಯ ಸೋಮವಾರ. ಮೊದಲು ಮೂರನೆಯದೆಂದು ಬರೆದಿದ್ದೆ. ಪಂಚಾಂಗ ನೋಡಿ, ಅವಳ ಊರಾದ ಮುಗದಕ್ಕೆ ಫೋನು ಮಾಡಿ ಅವಳ ಮಗನನ್ನೂ ಕೇಳಿ ತಿದ್ದಿದೆ. ಆ ದಿನವನ್ನು ಎಲ್ಲರಿಗಿಂತ ಹೆಚ್ಚು ನೆನಪಿಡಬೇಕಾದವಳು ಮಾತ್ರ ಅದನ್ನು ಅರಿಯಳು. ಕೆಲವು ವರ್ಷಗಳಿಂದ ನನ್ನ ಹೆಂಡತಿಯ ನೆನಪಿನಲ್ಲಿ ಹೊಸದೇನೂ ನಿಲ್ಲುತ್ತಿಲ್ಲ. ಮಣ್ಣಿನ ದಿನ ಹೆಣದ ತಲೆದೆಸೆಯಲ್ಲಿ ಕೂತು ಅತ್ತವಳು, ಧಾರವಾಡಕ್ಕೆ ಮರಳುವ ದಾರಿಯಲ್ಲೇ "ಎಲ್ಲಿಗೆ ಹೋಗಿದ್ವಿರಿ?" ಎಂದು ಕೇಳಿದ್ದಳು.

ನಾನು ನಿವೃತ್ತನಾಗುವವರೆಗೆ ಪ್ರಯೋಗಾಲಯದಲ್ಲಿ ಇಲಿಗಳನ್ನಿಟ್ಟುಕೊಂಡು ದುಡಿದದ್ದು ಇದೇ ನೆನಪಿನ ವಿಷಯದಲ್ಲಿ. ಕಂಡದ್ದು, ಕೇಳಿದ್ದು ಬಹುಕಾಲ ಉಳಿಯಬೇಕಾದರೆ ನರಕೋಶದೊಳಗೆ ಕೆಲವು ಜೀನುಗಳು ಎಚ್ಚರಗೊಳ್ಳಬೇಕು. ಹೊಸ ಪ್ರೋಟೀನು ತಯಾರಾಗಿ ಕೋಶಗಳ ನಡುವಿನ ಬೆಸುಗೆ ಗಟ್ಟಿಯಾಗಬೇಕು. ಅದಾಗದಿದ್ದರೆ ಇಲಿ ಇಂದು ಕಲಿತದ್ದನ್ನು ನಾಳೆ ಅರಿಯದು. ಅಂತರ ಬಿಟ್ಟು ಮತ್ತೆ ಮತ್ತೆ ಕಲಿಸಿದರೆ ಆ ಜೀನುಗಳು ಎಚ್ಚರಗೊಳ್ಳುವ ಸಾಧ್ಯತೆ ಹೆಚ್ಚು. ಹೆಂಡತಿಗೂ ಇದು ಒದಗೀತೆಂದು ನಂಬಿ ಆ ಸಾವನ್ನು ದಿನ ಬಿಟ್ಟು ದಿನ, ಅದೇ ಕುರ್ಚಿಯಲ್ಲಿ ಕೂತು, ಅದೇ ಮಾತಿನಲ್ಲಿ ಹೇಳತೊಡಗಿದೆ. ಅವಳು ತಂಗಿಯ ದಾರಿ ಕಾಯುವುದು ನಿಂತರೆ ಸಾಕಾಗಿತ್ತು.

"ಅಪ್ಪಾ, ಬಿಡ್ರಿ ಇನ್ನ. ಅವ್ವನ ಪಾಲಿಗೆ ಚಿಕ್ಕವ್ವ ದಿನಾ ಹೊಸದಾಗಿ ಸಾಯಾಕತ್ತಾಳ," ಎಂದಳು ಮಗಳು. ನಾನು ಬಿಡಲಿಲ್ಲ.

ದಸರೆಯ ಸಂಜೆ ಬಂಗಾರವೆಂದು ಬನ್ನಿ ಎಲೆ ಕೊಟ್ಟು ಹಾರೈಸುವುದು ನಮ್ಮಲ್ಲಿ ವಾಡಿಕೆ. ಹೆಂಡತಿಯ ಮೊದಲ ಬನ್ನಿ ಪ್ರತಿ ವರ್ಷ ತಂಗಿಗೇ. ಈ ಸಲವೂ ಎಲೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಮುಗದದ ಬಸ್ಸು ಬಂತೇನ್ರಿ? ತಂಗಿ ಇನ್ನೂ ಬರವಲ್ಲಳು."

"ಆಕಿ ಶ್ರಾವಣದಾಗ ತೀರಿಕೊಂಡಾಳ. ಎರಡನೇ ಸೋಮವಾರ."

"ಸಾವಿಗೂ ತಿಥಿ, ವಾರ ಹಚ್ಚಿ ಹೇಳ್ತೀರಲ್ರಿ! ನೀವು ಅಳಬೇಕಂದ್ರೂ ಪಂಚಾಂಗ ನೋಡಾವ್ರು," ಎಂದು ಅತ್ತಳು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು, ಕೈಯಲ್ಲಿದ್ದ ಎಲೆ ನೋಡಿ, ಮತ್ತೆ ಬೀದಿಯತ್ತ ತಿರುಗಿದಳು.

ಮುಂದಿನ ಸರದಿಯ ದಿನ ಕುರ್ಚಿ ಎಳೆದು ಅವಳೆದುರು ಕೂತೆ. ಇನ್ನೂ ಬಾಯಿ ತೆರೆದಿರಲಿಲ್ಲ. ಅವಳು ಸೆರಗು ಬಿಗಿಹಿಡಿದು ಗೋಡೆಗೆ ಸರಿದಳು.

"ಯಾಕ? ಏನಾತು?"

"ಗೊತ್ತಿಲ್ರಿ. ನೀವು ಹಿಂಗ ಬಂದು ಕುಂತ್ರ ಎದಿ ಝಲ್ ಅಂತೈತಿ."

"ತಂಗಿ ನೆನಪಾದ್ಲೇನು?"

"ಆಕಿಗೇನಾಗೇತಿ? ಇವತ್ತ ಬರ್ತಾಳಲ್ಲ."

ಪೆಟ್ಟು ತಿಂದ ಜಾಗ ಕಂಡೊಡನೆ ಮೂಲೆಗೆ ಸರಿಯುವ ಇಲಿಗಳನ್ನು ಎಷ್ಟೋ ವರ್ಷ ನೋಡಿದ್ದೇನೆ. ಪಾಠ ನೆನಪಿನಲ್ಲಿ ನಿಂತಿತೆಂದು ಆಗ ಬರೆದುಕೊಳ್ಳುತ್ತಿದ್ದೆ.

ಕುರ್ಚಿಯನ್ನು ಹಿತ್ತಲಿಗೆ ಸಾಗಿಸಿದೆ. ಆ ಸುದ್ದಿಯನ್ನು ಮತ್ತೆ ಎತ್ತಿಲ್ಲ. ಈಗ ಚಹಾ ಕೊಡಲು ಹೋದರೂ ಅವಳು ಗೋಡೆಗೆ ಸರಿಯುತ್ತಾಳೆ.