ನೀರುಗಂಟಿ ಕೇಳುವ ಕರಾವಳಿಯ ಮಳೆ

ಆಕಾಶದಲ್ಲಿ ಅಂಗೈಯಷ್ಟೂ ಮೋಡವಿರಲಿಲ್ಲ. ಹೊನ್ನೂರಸ್ವಾಮಿ ಪಂಪ್‌ಹೌಸಿನ ಮುಂದಿನ ಕಲ್ಲಿನ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು ಉಡುಪಿಯ ಮಳೆಯ ಸುದ್ದಿ ಕೇಳುತ್ತಿದ್ದರು. ಮಗಳು ಪ್ರಿಯಾ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್.

"ಶಾಲಿಗೆಲ್ಲ ರಜಾ ಕೊಟ್ಟಾರಪ್ಪಾ. ನಾಳಿ, ನಾಡದ್ದು ರೆಡ್ ಅಲರ್ಟ್ ಅಂತ. ಮೀನು ಹಿಡಿಯೋರು ಯಾರೂ ಸಮುದ್ರಕ್ಕ ಇಳೀಬಾರದಂತ."

"ಘಟ್ಟದ ಮ್ಯಾಲೆ?"

"ಅದನ್ನ ನೋಡಿಲ್ಲ."

"ಅದನ್ನ ನೋಡಿ ಹೇಳವ್ವಾ. ನಿಮ್ಮೂರ ಮಳಿ ನಿಮ್ಮ ಸಮುದ್ರಕ್ಕ ಹೋಗ್ತೈತಿ. ನನಗ ಬೇಕಾಗಿದ್ದು ಘಟ್ಟದ ಈ ಕಡಿ ಬಿದ್ದಿದ್ದು."

ಹರಪನಹಳ್ಳಿ ಕಡೆಯ ಹಲವಾಗಲಿನಿಂದ ಕೆಳಗೆ, ತುಂಗಭದ್ರೆಯ ದಂಡೆಯಲ್ಲಿರುವ ನಮ್ಮ ಸಣ್ಣ ಊರಿಗೆ ಅವರು ನೀರುಗಂಟಿ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಹೊಳೆಯಂಚಿನಲ್ಲಿ ಕಬ್ಬಿಣದ ಅಟ್ಟದ ಮೇಲೆ ಕೂರಿಸಿದ ಮೋಟಾರು ಅವರ ಸುಪರ್ದಿನಲ್ಲಿದೆ. ಅದು ಎತ್ತಿದ ನೀರು ನಮ್ಮೂರಿಗೂ ಪಕ್ಕದ ಎರಡು ಹಳ್ಳಿಗೂ ಹೋಗುತ್ತದೆ. ಹೊಳೆ ಏರುವ ಮೊದಲು ಮೋಟಾರನ್ನು ಬಿಚ್ಚಿ, ಸರಪಳಿ ಹಾಕಿ ದಂಡೆಯ ಮೇಲಕ್ಕೆ ಎಳೆಯಬೇಕು. ಅದಕ್ಕೆ ನಾಲ್ಕು ಜನ, ಅರ್ಧ ದಿನ. ಬೇಗ ಬಿಚ್ಚಿದರೆ ಮೂರು ಊರಿನ ನಲ್ಲಿ ಒಣಗುತ್ತವೆ. ತಡವಾದರೆ ಮೋಟಾರು ಮುಳುಗಿ, ರಿಪೇರಿಯಾಗಿ ಬರುವುದಕ್ಕೆ ತಿಂಗಳು.

ನಮ್ಮ ಕಡೆ ಹೊಳೆ ತುಂಬುವುದು ನಮ್ಮ ಮಳೆಗಲ್ಲ. ನೆಲ ಬಿರುಕು ಬಿಟ್ಟಿರುತ್ತದೆ, ಹೆಂಗಸರು ಜೋಳ ಒಣಹಾಕಿರುತ್ತಾರೆ, ಹೊಳೆ ಮಾತ್ರ ಕೆಂಪಾಗಿ ಬಂದುಬಿಡುತ್ತದೆ. ಟಿವಿಯವರು ನಮ್ಮ ಬಗ್ಗೆ ಹೇಳುವುದು ಎರಡೇ ಮಾತು: ಒಳನಾಡಿನಲ್ಲಿ ಒಣಹವೆ. ಉಳಿದದ್ದೆಲ್ಲ ಕರಾವಳಿ. ಮುರಿದ ಮರ, ನೀರಿನಲ್ಲಿ ನಿಂತ ಬಸ್ಸು, ಅಪ್ಪಳಿಸುವ ಅಲೆ. ಅದನ್ನು ನೋಡಿ ದಂಡೆಯ ಊರವರೆಲ್ಲ ಹೊಳೆ ಬರುತ್ತದೆಂದು ನಂಬುತ್ತಾರೆ. ಒಂದು ಕಾಲಕ್ಕೆ ಹೊನ್ನೂರಸ್ವಾಮಿಯೂ ನಂಬಿದ್ದರು.

ಅದು ಆರು ವರ್ಷದ ಹಿಂದೆ. ಮೂರು ದಿನ ಬಿಡದೆ ಕರಾವಳಿಗೆ ರೆಡ್ ಅಲರ್ಟ್. ಅವರು ಯಾರನ್ನೂ ಕೇಳದೆ ಮೋಟಾರು ಬಿಚ್ಚಿ ಮೇಲಕ್ಕೆಳೆಸಿದರು. ಹೊಳೆ ಒಂದು ಗೇಣೂ ಏರಲಿಲ್ಲ. ಮಳೆಯೆಲ್ಲ ಘಟ್ಟದ ಆಚೆಯೇ ಸುರಿದು ಕಡಲಿಗೆ ಹೋಗಿತ್ತು. ಮತ್ತೆ ಇಳಿಸುವಾಗ ಸರಪಳಿಯ ಕೊಂಡಿ ಮುರಿದು ಐದು ದಿನ ನಲ್ಲಿ ಬರಲಿಲ್ಲ. ಜನ ಹಳ್ಳದ ಪಕ್ಕದ ಹಳೇ ಬಾವಿಗೆ ಹೋದರು. ನಾಲ್ಕನೆಯ ದಿನ ವಾಂತಿಭೇದಿ ಶುರುವಾಯಿತು. ಹತ್ತೊಂಬತ್ತು ಜನರನ್ನು ಹರಪನಹಳ್ಳಿ ಆಸ್ಪತ್ರೆಗೆ ಸಾಗಿಸಿದರು. ಹದಿನೆಂಟು ಜನ ತಿರುಗಿ ಬಂದರು. ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಾರುತ್ತಿದ್ದ ಈರಕ್ಕ ಬರಲಿಲ್ಲ.

ಆರೋಗ್ಯ ಇಲಾಖೆಯವರು ಬಾವಿಯ ನೀರು ಕೆಟ್ಟಿತ್ತೆಂದು ಬರೆದುಕೊಂಡು ಹೋದರು. ಯಾರೂ ಹೊನ್ನೂರಸ್ವಾಮಿಯ ಹೆಸರೆತ್ತಲಿಲ್ಲ. ಆದರೆ ಅವರು ಒಮ್ಮೆ ಹೆಂಡತಿಯ ಮುಂದೆ ಅಂದಿದ್ದರು: "ಹೊಳಿ ಬಂದು ಸಾಯ್ಲಿಲ್ಲ ಆಕಿ. ಬರದಿದ್ದ ಹೊಳಿಗೆ ನಾ ಹೆದರಿದೆ ನೋಡು..."

ಆಮೇಲೆ ಅವರು ಹೊಳೆಯ ಮೇಲಿನ ಊರುಗಳ ನೀರುಗಂಟಿಗಳ ನಂಬರು ಕೂಡಿಸಿಕೊಂಡರು. ಹೊನ್ನಾಳಿ ಹತ್ತಿರದ ಮೈಲಾರೇಶನ ಮುಖವನ್ನು ಅವರು ಇವತ್ತಿಗೂ ನೋಡಿಲ್ಲ. ದನಿ ಮಾತ್ರ ಗೊತ್ತು. ಅಲ್ಲಿ ಏರಿದ ನೀರು ಇಲ್ಲಿಗೆ ಬರಲು ಒಂದು ಹಗಲು, ಒಂದು ರಾತ್ರಿ ಎಂಬ ಲೆಕ್ಕವನ್ನು ಎರಡು ಮಳೆಗಾಲ ಫೋನು ಹಿಡಿದೇ ಕಲಿತರು. ಬೆಳಿಗ್ಗೆ ಎದ್ದ ಕೂಡಲೇ ನೀರಿನಂಚಿಗೆ ಒಂದು ಜಾಲಿಗೂಟ ಹೊಡೆಯುತ್ತಾರೆ. ಸಂಜೆ ಬಂದು ನೋಡುತ್ತಾರೆ.

ಈ ಸಲ ಪ್ರಿಯಾ ಮಧ್ಯಾಹ್ನವೇ ಮತ್ತೆ ಫೋನು ಮಾಡಿದಳು. ಘಟ್ಟದ ಮೇಲೂ ಮಳೆ ಹಿಡಿದಿತ್ತು. ಮೈಲಾರೇಶನನ್ನು ಕೇಳಿದರೆ, "ಇಲ್ಲಿನ್ನೂ ಹೊಳೆ ಮೆಟ್ಲು ಕಾಣ್ತಾ ಇದಾವೆ ಅಣ್ಣ, ಆತುರ ಬೀಳಬೇಡ" ಎಂದ.

ಅಷ್ಟರಲ್ಲಿ ಪಂಚಾಯ್ತಿ ಮೆಂಬರು ಬೆನಕಪ್ಪ ಬೈಕು ನಿಲ್ಲಿಸಿ ಕೂಗಿದ. "ಏನಲೇ ಹೊನ್ನೂರ, ಉಡುಪ್ಯಾಗ ಮಳಿ ಬಂದ್ರ ಇಲ್ಲಿ ಛತ್ರಿ ಬಿಚ್ಚಾಂವ ನೀನು. ಬಿಚ್ಚಿದಿ ಏನು ಮೋಟಾರು?"

"ಇಲ್ರಿ ಗೌಡ್ರ, ಇನ್ನೂ ಬಿಚ್ಚಿಲ್ಲ."

"ಬಿಚ್ಚಬ್ಯಾಡ. ಹಿಂದಕ ಆಗಿದ್ದು ನೆನಪೈತಲ್ಲ?"

"ನಿಮಗಿಂತ ನನಗ ಜಾಸ್ತಿ ನೆನಪೈತ್ರಿ."

ಬೆನಕಪ್ಪ ಬೈಕಿನ ಕೀಲಿ ತಿರುವಿದ. ಆಮೇಲೆ ದನಿ ತಗ್ಗಿಸಿ, "ಮತ್ತ ಮುಳುಗಿದ್ರ?" ಎಂದ.

"ಅದಕ್ಕ ಇವತ್ತು ಎಲ್ಲಾರ ಮನ್ಯಾಗ ನೀರು ತುಂಬಸ್ತೀನ್ರಿ. ನಾಳಿ ನೋಡೋಣು."

ಅಂದು ಬಿಡುವಿಲ್ಲದೆ ಮೋಟಾರು ಓಡಿತು. ಹೊನ್ನೂರಸ್ವಾಮಿ ಮೂರೂ ಊರಿನ ಓಣಿ ಓಣಿ ತಿರುಗಿ ಬಾಗಿಲು ಬಡಿದರು. ಕೊಡ, ಹಂಡೆ, ಡ್ರಮ್ಮು ಎಲ್ಲ ತುಂಬಿರಿ, ಕುಡಿಯುವುದನ್ನು ಬೇರೆ ಮುಚ್ಚಿಡಿ ಎಂದರು. ಒಬ್ಬಾಕೆ, "ಮಜ್ಜಿಗಿ ಗಡಿಗಿ ಒಂದು ಉಳದೈತಿ ನೋಡಣ್ಣ, ಅದಕೂ ತುಂಬ್ಲೇನು?" ಎಂದು ನಕ್ಕಳು. "ಮಜ್ಜಿಗಿ ಕುಡದು ತುಂಬವ್ವಾ" ಎಂದು ಇವರು ಮುಂದಿನ ಮನೆಗೆ ನಡೆದರು. ಕೊನೆಗೆ ಹಳೇ ಬಾವಿಗೆ ಹೋದರು. ಅದಕ್ಕೆ ಹಾಕಿದ್ದ ಕಬ್ಬಿಣದ ಜಾಲರಿಯನ್ನು ಬಟ್ಟೆ ಒಗೆಯುವವರು ಒಂದು ಮೂಲೆಯಲ್ಲಿ ಸರಿಸಿ, ಹಗ್ಗದ ಗಾಲಿ ಕಟ್ಟಿಕೊಂಡಿದ್ದರು. ಹೊನ್ನೂರಸ್ವಾಮಿ ಆ ಗಾಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಜಾಲರಿಯನ್ನು ತಂತಿಯಿಂದ ಬಿಗಿದು ಬಂದರು.

ಮರುದಿನ ಹನ್ನೊಂದಕ್ಕೆ ಮೈಲಾರೇಶನ ಫೋನು. "ಮೆಟ್ಲು ಮುಳುಗಿದ್ವು ಅಣ್ಣ. ನೀರು ಕೆಂಪಗೈತಿ, ದಿಮ್ಮಿ ತೇಲಿ ಬರ್ತಾ ಇದಾವೆ."

ಸಂಜೆಯೊಳಗೆ ನಾಲ್ಕು ಜನ ಸರಪಳಿ ಎಳೆದು ಮೋಟಾರನ್ನು ದಂಡೆಗೆ ತಂದರು. ಅದರ ಮಾರನೇ ದಿನ ಮಧ್ಯಾಹ್ನ ಹೊಳೆ ಬಂತು. ಸದ್ದಿಲ್ಲದೆ, ನೊರೆ ಹೊತ್ತು, ಬಿಸಿಲಿನಲ್ಲೇ ಬಂತು. ಜಾಲಿಗೂಟ ಮುಳುಗಿತು, ಅಟ್ಟದ ಕಾಲುಗಳು ಮುಳುಗಿದವು. ಮೋಟಾರು ಕೂರುವ ಹಲಗೆಗೆ ಒಂದು ಮೊಳ ಇರುವಾಗ ಏರುವುದು ನಿಂತಿತು. ಅದೇ ಮಟ್ಟದಲ್ಲಿ ಮೂರು ದಿನ ಹರಿಯಿತು.

"ಬಿಡಬಹುದಿತ್ತಲ್ಲೋ, ಒಂದು ಮೊಳ ಇತ್ತು," ಎಂದ ಬೆನಕಪ್ಪ.

ತುಂಬಿಸಿದ ನೀರು ಎರಡು ದಿನಕ್ಕೆ ಬಂದಿತ್ತು. ಮೂರನೆಯ ದಿನ ಟ್ಯಾಂಕರು ಒಂದೇ ಸಲ ಬಂದು ಹೋಗಿತ್ತು. ನಾಲ್ಕನೆಯ ಬೆಳಿಗ್ಗೆ ಹೊಳೆ ಇಳಿದಾಗ, ಮೋಟಾರು ಕೂರಿಸುವ ಜನರನ್ನು ದಂಡೆಯಲ್ಲೇ ಕಾಯಲು ಹೇಳಿ ಹೊನ್ನೂರಸ್ವಾಮಿ ಊರೊಳಗೆ ನಡೆದರು. ಪ್ರತಿ ಮನೆಯ ಮುಂದೆ ನಿಂತು ಒಂದೇ ಮಾತು ಕೇಳಿದರು.

"ಹೊಟ್ಟಿ ಹ್ಯಂಗೈತ್ರಿ ಎಲ್ಲಾರ್ದೂ?"

"ಹಸದೈತಿ. ಊಟಕ್ಕ ಹಾಕ್ತಿಯೇನು?"

"ಚಲೋ ಐತಪ್ಪ. ನಿಂದ್ಯಾಕೋ ಸೊರಗೈತಿ."

ಹಿಂದಿನ ಓಣಿಯ ಒಂದು ಮನೆಯಲ್ಲಿ, ಮಗುವಿಗೆ ಬೆಳಗಿನಿಂದ ಮೂರು ಸಲ ಭೇದಿಯಾಗಿದೆ ಎಂದರು. ಐದು ವರ್ಷದ ಹುಡುಗಿ, ಚಾಪೆಯ ಮೇಲೆ ಮಲಗಿತ್ತು. ಹೊನ್ನೂರಸ್ವಾಮಿ ಜಗಲಿ ಹತ್ತಿದರು. ಯಾವ ನೀರು ಕುಡಿದಿದೆ, ಯಾರು ತಂದರು, ಎಲ್ಲಿಂದ ತಂದರು ಎಂದು ಕೇಳಿದ್ದನ್ನೇ ಕೇಳಿದರು. ಮುಚ್ಚಿಟ್ಟ ಕೊಡದ್ದೇ ಎಂದು ತಾಯಿ ಆಣೆ ಮಾಡಿದಳು. ಆಶಾ ಕಾರ್ಯಕರ್ತೆ ವಾಣಿಶ್ರೀ ಬಂದು ಮಗುವಿನ ಹೊಟ್ಟೆ ಒತ್ತಿ, ನಾಲಿಗೆ ನೋಡಿ, ಓಆರ್‌ಎಸ್ ಕಲಸಿದಳು.

"ನಿನ್ನಿ ಏನ್ ತಿಂದಿದ್ಯವ್ವಾ?"

ಹುಡುಗಿ ತಾಯಿಯ ಕಡೆ ನೋಡಿ, "ಪ್ಯಾರಲಕಾಯಿ" ಎಂದಿತು. ಎಷ್ಟು ಎಂದರೆ ಎರಡೂ ಕೈಯ ಬೆರಳು ತೋರಿಸಿತು.

"ನೀರಿಂದಲ್ಲ ಅಣ್ಣ, ಕಾಯಿ ಪ್ಯಾರಲ ತಿಂದೈತಿ. ಓಣ್ಯಾಗ ಬ್ಯಾರೆ ಯಾರಿಗೂ ಇಲ್ಲ, ನಾನೂ ನೋಡ್ಕೊಂಡೇ ಬಂದೀನಿ. ನೀ ಹೋಗು, ಮೋಟಾರು ಕೂರ್ಸು."

"ಸ್ವಲ್ಪ ಕುಂದರ್ತೀನಿ."

"ಕುಂತು ಏನ್ ಮಾಡ್ತಿ?"

"ಏನೂ ಇಲ್ಲ. ಕುಂದರ್ತೀನಿ ಅಷ್ಟ."

ದಂಡೆಯಿಂದ ಎರಡು ಸಲ ಫೋನು ಬಂತು. ಬರುತ್ತೇನೆ ಎಂದರು, ಏಳಲಿಲ್ಲ. ಜಗಲಿಯ ನೆರಳು ಅಂಗಳ ದಾಟಿ ಎದುರು ಗೋಡೆ ಹತ್ತಿತು. ಮಧ್ಯಾಹ್ನದ ಮೇಲೆ ಮತ್ತೆ ಭೇದಿಯಾಗಲಿಲ್ಲ. ನಾಲ್ಕು ಗಂಟೆಯ ಸುಮಾರಿಗೆ ಹುಡುಗಿ ಎದ್ದು ಕೂತು, ಅನ್ನ ಬೇಕು ಎಂದು ಅಳುವುದಕ್ಕೆ ಶುರುಮಾಡಿತು. ತಾಯಿ ಗಂಜಿ ತಂದರೆ ಬಟ್ಟಲು ನೂಕಿ, ಸಾರು ಬೇಕು ಎಂದು ಇನ್ನೂ ಜೋರಾಗಿ ಅತ್ತಿತು. ಆ ಅಳುವನ್ನು ಹೊನ್ನೂರಸ್ವಾಮಿ ತುಸು ಹೊತ್ತು ಕೇಳಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊಳೆಯ ಕಡೆ ಹೊರಟರು.