ಹುಲಿಯುಗುರಿನ ಮನೆ

ನಮ್ಮ ವಂಶದ ಮಕ್ಕಳೆಲ್ಲ ನನ್ನ ಮನೆಗೆ ಎರಡೆರಡು ಸಲ ಬಂದಿದ್ದಾರೆ. ಮೂರು ತಿಂಗಳು ತುಂಬಿದಾಗ ಒಮ್ಮೆ, ಜಾವಳ ತೆಗೆಸಿದ ಮೇಲೆ ಇನ್ನೊಮ್ಮೆ. ಮೊದಲ ಸಲ ಕೊರಳಿಗೆ ಹುಲಿಯುಗುರು ಕಟ್ಟಿಸಿಕೊಂಡು ಹೋಗುವುದಕ್ಕೆ, ಎರಡನೆಯ ಸಲ ಅದನ್ನು ಬಿಚ್ಚಿಸಿ ಹಿಂದಿರುಗಿಸುವುದಕ್ಕೆ. ಆಮೇಲೆ ಅವರು ದೊಡ್ಡವರಾಗಿ ಯಾವುದಾದರೂ ಮದುವೆಯಲ್ಲಿ ಸಿಕ್ಕಾಗ, "ಇವರೇ ನೋಡು ನಿಂಗೆ ಉಗುರು ಕಟ್ಟಿದ ಅತ್ತೆ" ಎಂದು ಯಾರಾದರೂ ತೋರಿಸುತ್ತಾರೆ. ಅವರು ನಕ್ಕು ಕಾಲಿಗೆ ಬೀಳುತ್ತಾರೆ. ನಾನು ತಲೆ ಮುಟ್ಟಿ, ಎಲೆ ಹಾಕಿದ ಕಡೆ ನಡೆಯುತ್ತೇನೆ.

ಉಗುರು ಬಹಳ ದೊಡ್ಡದೇನಲ್ಲ. ನನ್ನ ಕಿರುಬೆರಳಿನ ಒಂದು ಗೆಣ್ಣಿಗಿಂತ ತುಸು ಉದ್ದ, ಬುಡಕ್ಕೆ ಬೆಳ್ಳಿಯ ಕಟ್ಟು, ಅದರ ಕೊಕ್ಕೆಗೆ ಕರಿದಾರ. ಬಣ್ಣ ಹಳೆಯ ಮೇಣದ್ದು. ತುದಿ ಮೊಂಡಾಗಿತ್ತು, ಎಷ್ಟು ಕೂಸುಗಳು ಬಾಯಿಗಿಟ್ಟು ಚೀಪಿದ್ದವೋ. ಅದನ್ನು ಕಟ್ಟಿದರೆ ಕೂಸು ನಿದ್ದೆಯಲ್ಲಿ ಬೆಚ್ಚಿ ಬೀಳುವುದಿಲ್ಲ, ಮುಂದೆ ಯಾರಿಗೂ ಹೆದರುವುದಿಲ್ಲ ಎಂಬ ನಂಬಿಕೆ. ಲಿಂಗ ಕಟ್ಟುವುದು ಅಯ್ಯನವರ ಕೆಲಸ, ಉಗುರು ಕಟ್ಟುವುದು ನಮ್ಮ ಮನೆಯ ಕೆಲಸ. ಅದು ಬಂದದ್ದೆಲ್ಲಿಂದ ಎಂದರೆ, ಮುತ್ತಜ್ಜ ಶ್ರೀಶೈಲಕ್ಕೆ ನಡೆದು ಹೋಗಿದ್ದಾಗ ಕಾಡಿನ ದಾರಿಯಲ್ಲಿ ಯಾರೋ ಮಾರುತ್ತಿದ್ದುದನ್ನು ತಂದನಂತೆ. ಈ ಕಥೆ ಹೇಳಿದ ನಮ್ಮ ಅಜ್ಜಿಯೂ ಹುಲಿ ಕಂಡವಳಲ್ಲ. ಚಳ್ಳಕೆರೆಯ ಬಯಲಿನಲ್ಲಿ ಜಾಲಿ, ಕುರಿ, ಶೇಂಗಾ ಬಿಟ್ಟರೆ ತಿರುಗಿ ನೋಡುವಂಥದ್ದೇನೂ ಇಲ್ಲ.

ಅದು ನನ್ನ ಕೈಗೆ ಬಂದದ್ದು ಅವ್ವನಿಂದ. ನ್ಯಾಯವಾಗಿ ಸೊಸೆಗೆ, ಎಂದರೆ ನನ್ನ ತಮ್ಮನ ಹೆಂಡತಿಗೆ ಹೋಗಬೇಕಿತ್ತು. ಅವ್ವ ಕೊನೆಯ ವರ್ಷಗಳಲ್ಲಿ ನಾನು ಕಟ್ಟಿಸಿದ ಎರಡು ಕೋಣೆಯ ಮನೆಯಲ್ಲಿ ನನ್ನೊಡನೆ ಇದ್ದಳು. ಒಂದು ಬೆಳಿಗ್ಗೆ ಕುಂಕುಮದ ಭರಣಿಯಲ್ಲಿದ್ದ ಉಗುರನ್ನು ತೆಗೆದು ನನ್ನ ಅಂಗೈಲಿಟ್ಟು, "ನೀನೆಂಗೂ ಎಲ್ಲೂ ಹೋಗಲ್ಲ, ನಿನ್ ಹತ್ರಾನೇ ಇರ್ಲಿ" ಅಂದಳು. ಪ್ರೀತಿಯಿಂದಲೇ ಅಂದದ್ದು. ಆದರೂ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ, ಬಂದವರು ಹಿಡಿಸಲಿಲ್ಲ, ಹಿಡಿಸಿದವರು ಬರಲಿಲ್ಲ ಎನ್ನುತ್ತೇನೆ. ಅಲ್ಲಿಗೆ ಆ ಮಾತು ಮುಗಿಯುತ್ತದೆ.

ಅವ್ವ ಹೋದ ಮೇಲೆ ನನಗೆ ತಿಳಿದದ್ದು, ಉಗುರು ಅಂದರೆ ನನ್ನ ಪಾಲಿಗೆ ಬರುವ ನೆಂಟರು ಎಂದು. ಎಣ್ಣೆ ಗಿರಣಿ ನೋಡಿಕೊಳ್ಳುವ ತಮ್ಮ ಎರಡು ಬೀದಿ ಆಚೆ ಇದ್ದರೂ ಹಬ್ಬಕ್ಕೆ ಕರೆಯುತ್ತಾನೆ, ಅಷ್ಟೇ. ಆದರೆ ಯಾರ ಮನೆಯಲ್ಲಾದರೂ ತೊಟ್ಟಿಲು ಕಟ್ಟಿದರೆ ಫೋನು ನನಗೇ ಮೊದಲು. ಒಂದೇ ವರ್ಷ ಎರಡು ತೊಟ್ಟಿಲು ತೂಗಿದರೆ ಜಗಳ. ಆರು ತಿಂಗಳು ಇವನಿಗೆ, ಆರು ತಿಂಗಳು ಅವಳಿಗೆ ಎಂದು ನ್ಯಾಯ ಹೇಳುವವಳು ನಾನು. ಸೋಮವಾರ ಬರುತ್ತಾರೆ ಎಂದರೆ ಶನಿವಾರದಿಂದಲೇ ನನಗೆ ಕೆಲಸ. ಮನೆ ಸಾರಿಸುವುದು, ಹೋಳಿಗೆಗೆ ಬೇಳೆ ತೆಗೆದಿಡುವುದು, ಹೊಸ ಕರಿದಾರ ಹೊಸೆದಿಡುವುದು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ದಾರ ಕಟ್ಟಿ, ಕಿವಿಯಲ್ಲಿ "ಹುಲಿ ಆಗು" ಎಂದು ಹೇಳಿ ತಾಯಿಯ ಕೈಗೆ ಕೊಡುತ್ತಿದ್ದೆ. ನಾನಾಗಿ ಯಾರ ಮನೆಗೂ ಹೋಗುತ್ತಿರಲಿಲ್ಲ. ಉಗುರಿದ್ದಲ್ಲಿಗೆ ಮಕ್ಕಳು ಬರಬೇಕು, ಅದು ಪದ್ಧತಿ. ಪದ್ಧತಿಗಿಂತ ಹೆಚ್ಚು ನನ್ನ ಜಂಬ ಎಂದು ಈಗ ಅನಿಸುತ್ತದೆ.

ಇಷ್ಟೆಲ್ಲ ಮಾಡುತ್ತಿದ್ದವಳ ಉದ್ಯೋಗ ಏನು ಗೊತ್ತೆ? ದೊಡ್ಡಉಳ್ಳಾರ್ತಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಮೇಡಂ. ವರ್ಷಕ್ಕೊಮ್ಮೆ "ಹುಲಿ ಉಳಿಸಿ" ಎಂದು ಚಿತ್ರ ಬರೆಸುವ ಸ್ಪರ್ಧೆ ಬರುತ್ತಿತ್ತು, ತೀರ್ಪು ನನ್ನದು. ಮಕ್ಕಳಲ್ಲಿ ಕುರಿ ಕಾಯುವವರ ಮನೆಯವರೇ ಜಾಸ್ತಿ. ಅವರು ಬರೆದ ಹುಲಿಗೆ ಟಗರಿನ ಮುಖ ಇರುತ್ತಿತ್ತು. "ನಮ್ ಕುರಿ ಮೇಯೋ ಕಾವಲ್ನಾಗೆ ಸರ್ಕಾರದ ಗೋಡೆ ಬಂದ್ಮೇಲೆ ತೋಳನೇ ಕಾಣಲ್ಲ ಮಿಸ್, ಹುಲಿ ಎಲ್ಲಿಂದ ಉಳ್ಸೋದು?" ಎಂದು ಒಬ್ಬ ಕೇಳಿ ಎಲ್ಲರನ್ನೂ ನಗಿಸಿದ್ದ. ನಾನೂ ನಕ್ಕೆ. ಅವನ ಪಕ್ಕದಲ್ಲಿ ಕೂತಿದ್ದ ಹುಡುಗಿ ಮಾತ್ರ ನಗಲಿಲ್ಲ. ಬಣ್ಣದ ಕಡ್ಡಿ ಹಿಡಿದುಕೊಂಡು, "ಮಿಸ್, ಹುಲಿಗೆ ಎಷ್ಟು ಉಗುರು ಇರ್ತವೆ? ಸರಿಯಾಗಿ ಬರೀಬೇಕು" ಅಂದಳು.

ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಹುಲಿಯುಗುರು ಇಟ್ಟುಕೊಂಡವಳಿಗೆ ಅದು ಗೊತ್ತಿರಲಿಲ್ಲ. ಪುಸ್ತಕ ಹುಡುಕಿ ಮಾರನೆಯ ದಿನ ಹೇಳಿದೆ: ಹದಿನೆಂಟು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು. ಅವಳು ತನ್ನ ಕೈಕಾಲು ನೋಡಿಕೊಂಡು, "ಹಂಗಾರೆ ನಮಗಿಂತ ಎರಡು ಕಮ್ಮಿ" ಎಂದು ಹೋಗಿ ಬರೆಯುತ್ತಾ ಕೂತಳು. ಆ ಸಂಜೆ ಮನೆಗೆ ಬಂದು ಭರಣಿ ತೆಗೆದೆ. ಒಂದು ಇಲ್ಲಿದೆ, ಉಳಿದ ಹದಿನೇಳು ಎಲ್ಲಿವೆ, ಯಾರ ಕೊರಳಲ್ಲಿವೆ ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ. ಹಾಗೆಂದು ಕಟ್ಟುವುದನ್ನೇನೂ ನಿಲ್ಲಿಸಲಿಲ್ಲ. ಮುಂದಿನ ಸೋಮವಾರವೂ ಒಂದು ಕೂಸಿಗೆ ಕಟ್ಟಿ, ಹೋಳಿಗೆ ಬಡಿಸಿ, ಸಂತೋಷವಾಗಿಯೇ ಇದ್ದೆ.

ನಾನು ನಿವೃತ್ತಳಾದ ಮೇಲೆ ಟಿವಿಯಲ್ಲಿ ಗದ್ದಲ ಶುರುವಾಯಿತು. ಹುಲಿಯುಗುರು ಹಾಕಿಕೊಂಡವರನ್ನು ಹಿಡಿದರು ಎಂಬ ಸುದ್ದಿ ದಿನಕ್ಕೊಂದು. ಇಂತಿಷ್ಟು ದಿನದೊಳಗೆ ಅರಣ್ಯ ಇಲಾಖೆಗೆ ಒಪ್ಪಿಸಿದರೆ ಕೇಸಿಲ್ಲ ಎಂದೂ ಹೇಳಿದರು. ತಮ್ಮ ಓಡಿ ಬಂದ. ಎಷ್ಟು ತಿಂಗಳಾಗಿತ್ತೋ ಅವನು ನನ್ನ ಮನೆಯೊಳಗೆ ಕೂತು.

"ಯಾರಿಗೂ ಹೇಳಬ್ಯಾಡಕ್ಕ. ಒಳಗಿಡು. ಕೇಳ್ದೋರಿಗೆ ಕಳೆದೋಯ್ತು ಅನ್ನು. ನಿನ್ ಬೀರು ತೆಗೆಯೋಕೆ ಯಾವನು ಬರ್ತಾನೆ?"

"ಸುಳ್ಳು ಹೇಳು ಅಂತೀಯಾ?"

"ನನ್ ಮಗಳು ಹಡೆಯೋ ಹೊತ್ತಿಗೆ ಎಲ್ಲ ತಣ್ಣಗಾಗ್ತೈತೆ. ಕೂಸಿಗೆ ಕಟ್ಟಬೇಕಲ್ಲ."

ಅವನ ಮಗಳು ನನ್ನ ಕೈಯಲ್ಲಿ ಅಕ್ಷರ ತಿದ್ದಿದವಳು. ಮೊಳಕಾಲ್ಮೂರು ಕಡೆ, ಕೊಂಡ್ಲಹಳ್ಳಿಯಲ್ಲಿ ಬೇಸಾಯದ ಮನೆಗೆ ಕೊಟ್ಟಿತ್ತು. ಅವಳಿಗೆ ಆಗ ದಿನ ತುಂಬುತ್ತಿತ್ತು. ಆ ಕೂಸು ನನ್ನ ತೊಡೆಯ ಮೇಲೆ ಮಲಗುವುದನ್ನು ನಾನು ಎಷ್ಟು ಸಲ ನೆನೆದಿದ್ದೆನೋ. ಉಗುರು ಕೊಟ್ಟುಬಿಟ್ಟರೆ ಆ ಕೂಸು ನನ್ನ ಮನೆಗೆ ಯಾಕೆ ಬರಬೇಕು? ಆ ಕೂಸೇನು, ಇನ್ನು ಮುಂದೆ ಯಾವ ಕೂಸೂ ಯಾಕೆ ಬರಬೇಕು? ತಮ್ಮ ಹೇಳಿದಂತೆ ಉಗುರನ್ನು ಭರಣಿಯಿಂದ ತೆಗೆದು ರಾಗಿಯ ಡಬ್ಬಿಯೊಳಗೆ ಹುದುಗಿಸಿದೆ. ನಾಲ್ಕು ದಿನ ರಾಗಿ ಮುಟ್ಟಲಿಲ್ಲ, ಅನ್ನ ಉಂಡೆ.

ಐದನೆಯ ದಿನ, ಉಗುರು ಒಪ್ಪಿಸಿಬಿಡೋಣ ಎಂದು ಡಬ್ಬಿಗೆ ಕೈ ಹಾಕಿದೆ. ನಾನೇನು ದೊಡ್ಡ ಧರ್ಮಾತ್ಮಳಲ್ಲ. ಶಾಲೆಯ ಆ ಹುಡುಗಿ ಹದಿನೆಂಟು ಉಗುರನ್ನೂ ಎಣಿಸಿ ಬರೆದಿದ್ದಳು, ನಾನು ಅವಳಿಗೆ ಮೊದಲ ಬಹುಮಾನ ಕೊಟ್ಟಿದ್ದೆ. ಅದನ್ನು ನೆನೆದರೆ ನಾಚಿಕೆಯಾಗುತ್ತಿತ್ತು, ಅದು ನಿಜ. ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಒಪ್ಪಿಸಿದವುಗಳಲ್ಲಿ ಎಷ್ಟೋ ನಕಲಿ, ಕೊಂಬಿನಲ್ಲಿ ಮಾಡಿದವು ಎಂದು ಟಿವಿಯವರು ಹೇಳಿದ್ದರು. ನಮ್ಮದೂ ನಕಲಿ ಆಗಿದ್ದರೆ ಚೆನ್ನಾಗಿತ್ತು ಎಂಬ ಆಸೆ ನನಗೆ. ಶ್ರೀಶೈಲದ ದಾರಿಯಲ್ಲಿ ಮುತ್ತಜ್ಜನಿಗೆ ಯಾರೋ ಚೆನ್ನಾಗಿ ಟೋಪಿ ಹಾಕಿರಲಿ ಎಂದು ಬೇಡಿಕೊಂಡೆ. ಆಗ ಅವರು ವಾಪಸ್ಸು ಕೊಡುತ್ತಾರೆ, ನಾನು ನಿಶ್ಚಿಂತೆಯಾಗಿ ಕಟ್ಟಬಹುದು.

ಅರಣ್ಯ ಇಲಾಖೆಯ ಕಚೇರಿಯಲ್ಲಿ ಬೆಂಚಿನ ಮೇಲೆ ಕೂತಿದ್ದವಳು ನಾನೊಬ್ಬಳೇ. ಅರ್ಜಿ ಬರೆಸಿಕೊಂಡರು. ಯಾರದು, ಯಾರು ಕೊಟ್ಟರು, ಎಷ್ಟು ಕಾಲದಿಂದ ಇದೆ. ನಿವೃತ್ತಿಗೆ ಹತ್ತಿರವಾದ ಫಾರೆಸ್ಟರ್ ಒಬ್ಬರು ಉಗುರನ್ನು ಅಂಗೈಯಲ್ಲಿಟ್ಟುಕೊಂಡು ಕಿಟಕಿಯ ಬಳಿ ಹೋದರು. ಮೈಸೂರು ಕಡೆಯ ಕಾಡಿನಲ್ಲಿ ಬಹಳ ವರ್ಷ ಇದ್ದವರಂತೆ.

"ನಕಲಿ ಅಲ್ವಾ?" ಎಂದೆ. ನನ್ನ ದನಿಯಲ್ಲಿದ್ದ ಆಸೆ ನನಗೇ ಕೇಳಿಸಿತು.

"ಲ್ಯಾಬಿನೋರು ಹೇಳ್ಬೇಕು ಮೇಡಂ. ನನ್ ಕಣ್ಣಿಗೆ ಅಸಲಿನೇ." ತಿರುಗಿಸಿ ನೋಡಿದರು. "ದೊಡ್ಡ ಹುಲಿದು ನನ್ ಬೆರಳಷ್ಟು ಉದ್ದ ಇರ್ತೈತೆ. ಇದು ಮರಿದು."

"ಮರಿದಾ?"

"ಮರಿದೇ. ತಾಯಿ ಹಿಂದೆ ತಿರುಗೋ ವಯಸ್ಸಿಂದು. ಇದನ್ನ ಯಾರು ಹಾಕ್ಕಂತಿದ್ರು?"

"ಕೂಸುಗಳು" ಎಂದೆ.

ಅವರು ಉಗುರನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ನನ್ನ ಸಹಿ ತೆಗೆದುಕೊಂಡರು. ಎಲ್ಲ ಮುಗಿದ ಮೇಲೆ ಸುಟ್ಟುಬಿಡುತ್ತಾರಂತೆ. ಅದು ಮತ್ತೆ ಮಾರಾಟಕ್ಕೆ ಬಂದು ಇನ್ನಾರಿಗೂ ಕೊಳ್ಳುವ ಆಸೆ ಹುಟ್ಟಬಾರದಲ್ಲ, ಅದಕ್ಕೆ. ಕೂಸಿನ ಅಳತೆಗೆ ಸರಿಯಾಗಿದೆ ಎಂದು ನಾವು ತಲೆಮಾರುಗಳಿಂದ ಹೆಮ್ಮೆ ಪಟ್ಟಿದ್ದೆವು. ಅದು ಕೂಸಿನ ಉಗುರೇ ಆಗಿತ್ತು. ಮನೆಯವರೆಗೂ ನಡೆದೇ ಬಂದೆ, ದಾರಿಯಲ್ಲಿ ಮಾತಾಡಿಸಿದವರಿಗೆ ಏನು ಹೇಳಿದೆನೋ ನೆನಪಿಲ್ಲ.

ಸುದ್ದಿ ತಿಳಿದ ತಮ್ಮ ಬಂದು ನನ್ನ ಬಾಗಿಲಲ್ಲೇ ನಿಂತು ಕೂಗಾಡಿದ. "ಅದು ಮನೆತನದ್ದು. ನಿಂದೊಬ್ಬಳದೇನು? ಹಡೆದವಳಾಗಿದ್ರೆ ಗೊತ್ತಾಗ್ತಿತ್ತು ನಿಂಗೆ" ಅಂದ. ಮರಿಯ ಉಗುರು ಕಣೋ ಅದು ಎಂದೆ. ಅವನು ಕೇಳಿಸಿಕೊಳ್ಳದೆ ಗಾಡಿ ಹತ್ತಿ ಹೋದ. ಅವನ ಮಗಳು ಹೆತ್ತ ಸುದ್ದಿ ನನಗೆ ಪಕ್ಕದ ಮನೆಯವರಿಂದ ಬಂತು. ಗಂಡುಕೂಸು.

ಆಮೇಲಿನ ತಿಂಗಳುಗಳಲ್ಲಿ ನನ್ನ ಮನೆಗೆ ಗ್ಯಾಸಿನವನು ಬಂದ, ಮೀಟರ್ ನೋಡುವವನು ಬಂದ. ಬೇರೆ ಯಾರೂ ಬರಲಿಲ್ಲ. ಸಂಜೆ ದೀಪ ಹಚ್ಚಿ, ಖಾಲಿ ಭರಣಿಯನ್ನು ಒರೆಸಿ ಅಲ್ಲೇ ಇಡುತ್ತಿದ್ದೆ. ಮಾತೇ ಆಡದೆ ಎರಡು ದಿನ ಕಳೆದದ್ದು ಮೂರನೆಯ ದಿನ ಹಾಲಿನವಳನ್ನು ಕೂಗಿದಾಗ ಗೊತ್ತಾಯಿತು, ಗಂಟಲು ಕಟ್ಟಿತ್ತು. ಮಾಡಿದ್ದು ಸರಿ ಎಂಬ ಸಮಾಧಾನ ಮನುಷ್ಯರ ಹಾಗೆ ಎದುರು ಕೂತು ಊಟ ಮಾಡುವುದಿಲ್ಲ.

ಮೂರು ತಿಂಗಳು ತುಂಬಿದ ಸೋಮವಾರ ತಮ್ಮನ ಮಗಳು ವಿಡಿಯೋ ಕಾಲ್ ಮಾಡಿದಳು. ಕೂಸಿನ ಕೊರಳಲ್ಲಿ ಒಂದು ಪ್ಲಾಸ್ಟಿಕ್ ಉಗುರು, ಫ್ಯಾನ್ಸಿ ಅಂಗಡಿಯದು.

"ಕೊಂಡ್ಲಹಳ್ಳಿಗೆ ಬಂದ್ಮೇಲೆ ಇಲ್ಲೇ ಕಟ್ಟಿಬಿಟ್ವಿ ಅತ್ತೆ. ನಿಮಗ್ಯಾಕೆ ಸುಮ್ನೆ ತೊಂದ್ರೆ ಅಂತ. ನೀವು ಹೇಳೋದು ಹೇಳಿಬಿಡ್ರಿ, ಕಿವಿಗಿಡ್ತೀನಿ."

ಫೋನನ್ನು ಕೂಸಿನ ಕಿವಿಗಿಟ್ಟಳು. ನನಗೆ ಕಂಡದ್ದು ಕತ್ತಲೆ. "ಹುಲಿ ಆಗು" ಎನ್ನಲು ಬಾಯಿ ಬರಲಿಲ್ಲ. "ಚೆನ್ನಾಗಿರಪ್ಪ" ಎಂದೆ. ಫೋನಿಟ್ಟ ಮೇಲೆ ಅಳು ಬಂತು, ಅತ್ತುಬಿಟ್ಟೆ. ಶನಿವಾರ ತೆಗೆದಿಟ್ಟ ಬೇಳೆ ಹಾಗೇ ಇತ್ತು. ಬರುವುದಿಲ್ಲ ಎಂದು ಗೊತ್ತಿದ್ದೂ ತೆಗೆದಿಟ್ಟಿದ್ದೆ.

ಗುರುವಾರ ಬಳ್ಳಾರಿ ಬಸ್ಸು ಹತ್ತಿದೆ. ಕೊಂಡ್ಲಹಳ್ಳಿಯಲ್ಲಿ ಇಳಿದು, ಅವರ ಮನೆ ಯಾವುದು ಎಂದು ಕೇಳಿಕೊಂಡು ಹೋಗಬೇಕಾಯಿತು. ಮದುವೆಯಾಗಿ ಅಷ್ಟು ವರ್ಷವಾದರೂ ನಾನು ಆ ಮನೆ ನೋಡಿರಲಿಲ್ಲ. ಅವಳ ಅತ್ತೆ ಹೊರಗೆ ಶೇಂಗಾ ಬಿಡಿಸುತ್ತಾ ಕೂತಿದ್ದರು. ನನ್ನನ್ನು ನೋಡಿ ಗಡಬಡಿಸಿ ಎದ್ದು, "ಏನ್ ಬಂದ್ರಿ ಅಕ್ಕಾರೆ? ಏನಾರ ಕೆಲ್ಸ ಇತ್ತೇನ್ರಿ?" ಎಂದರು.

ಬಸ್ಸಿನಲ್ಲಿ ಅದಕ್ಕೊಂದು ಉತ್ತರ ಹುಡುಕುತ್ತಲೇ ಬಂದಿದ್ದೆ. "ಸುಮ್ನೆ ಬಂದೆ" ಅಂದೆ. ನನ್ನ ಆಯುಷ್ಯದಲ್ಲಿ ಯಾರ ಬಾಗಿಲಲ್ಲೂ ನಾನು ಆ ಮಾತು ಆಡಿದವಳಲ್ಲ.

ಕೂಸನ್ನು ತಂದು ತೊಡೆಯ ಮೇಲೆ ಹಾಕಿದರು. ನನ್ನ ಮುಖ ನೋಡಿದ್ದೇ ತಡ, ಅರಚಿಕೊಂಡು ಅತ್ತ. "ಹೊಸಬರನ್ನ ಕಂಡ್ರೆ ಹಿಂಗೇ ಮಾಡ್ತಾನ್ರಿ" ಎಂದು ಸಮಾಧಾನ ಹೇಳಿದರು. ಕಟ್ಟುವಷ್ಟು ಹೊತ್ತು ಬಿಟ್ಟರೆ ನಾನು ಕೂಸನ್ನು ಎತ್ತಿಕೊಂಡವಳೇ ಅಲ್ಲ, ಅಳುವ ಕೂಸನ್ನು ಹೇಗೆ ಹಿಡಿಯಬೇಕೆಂದು ಗೊತ್ತಾಗಲಿಲ್ಲ. ಅತ್ತು ಅತ್ತು ಸೋತು ಅಲ್ಲೇ ಮಲಗಿದ. ಸ್ವಲ್ಪ ಹೊತ್ತಿನಲ್ಲಿ ನಿದ್ದೆಯಲ್ಲೇ ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿದ. ನಾನೂ ಬೆಚ್ಚಿದೆ. ಉಗುರು ಪ್ಲಾಸ್ಟಿಕ್ಕಿನದು, ಅದಕ್ಕೇ ಹೀಗೆ ಎನ್ನಬೇಕೆನಿಸಿತು.

"ಎಲ್ಲ ಕೂಸೂ ಹಿಂಗೇ ಅತ್ತೆ" ಎಂದಳು ತಮ್ಮನ ಮಗಳು. "ನಾನೂ ನಿಮ್ ಉಗುರು ಕಟ್ಕಂಡೇ ರಾತ್ರಿಯೆಲ್ಲ ಬೆಚ್ತಿದ್ನಂತೆ. ಅವ್ವ ಹೇಳ್ತಿದ್ಲು. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನಾನು ಕಟ್ಟಿ ಕಳಿಸಿದ ಮಕ್ಕಳೆಲ್ಲ ಬೆಚ್ಚಿದ್ದಾರೆ, ನಾನು ಹೋಗದ ಮನೆಗಳಲ್ಲಿ. ಅಂಗೈಯನ್ನು ಅವನ ಎದೆಯ ಮೇಲಿಟ್ಟೆ. ಕೈ ಕೆಳಗಿಳಿಸಿ ಸುಮ್ಮನಾದ. ತಾಯಿಯ ಕೈಯೋ ಯಾರ ಕೈಯೋ, ಅಷ್ಟೇ ಬೇಕಿತ್ತು ಅದಕ್ಕೆ. ಆ ಮರಿಗೂ ಅಷ್ಟೇ ಬೇಕಿದ್ದಿರಬೇಕು. ಅದರ ತಾಯಿ ಎಷ್ಟು ದಿನ ಹುಡುಕಿತೋ.

ಸಂಜೆಯ ಬಸ್ಸಿಗೆ ಹತ್ತಿಸಲು ಬಂದವಳು ಕೇಳಿದಳು, "ಮತ್ತೆ ಯಾವಾಗ ಬರ್ತೀರಿ ಅತ್ತೆ?"

ಬಿಚ್ಚಿಕೊಂಡು ಹೋಗುವುದಕ್ಕೆ ಆ ಕೂಸಿನ ಕೊರಳಲ್ಲಿ ನನ್ನದೇನೂ ಇರಲಿಲ್ಲ. "ಬರ್ತೀನಿ" ಎಂದೆ.