ಏಕಾದಶಿಯಂದು ಬಂದ ಗೋಧಿ

ಅನ್ನ ಕೊಡುವವನೂ ಉಪವಾಸ ಮಾಡಿಸುವವನೂ ಆದ ಶ್ರೀಕೃಷ್ಣನಿಗೆ ಮೊದಲು ಕೈಮುಗಿಯುತ್ತೇನೆ.

ಅರಬ್ ನಾಡಿನ ಅಲ್ ಖುವೈರ್‌ನಲ್ಲಿರುವ ನಮ್ಮ ಆಫೀಸಿನಲ್ಲಿ ಎಲೆನಿ ಅಂತ ಇದ್ದಾರೆ, ಸೈಪ್ರಸ್ ದ್ವೀಪದವರು. ಒಂದು ದಿನ ನನ್ನ ಮೇಜಿಗೆ ಡಬ್ಬಿ ತಂದರು. ಒಳಗೆ ಬೇಯಿಸಿದ ಗೋಧಿ, ದಾಳಿಂಬೆ, ಎಳ್ಳು.

"ಇವತ್ತು ನನ್ನಮ್ಮ ತೀರಿಕೊಂಡ ದಿನ. ನಮ್ಮಲ್ಲಿ ಇದನ್ನು ಚರ್ಚಿನಲ್ಲಿ ಹಂಚುತ್ತೇವೆ. ತಿಂದವರು 'ದೇವರು ಅವರನ್ನು ಕ್ಷಮಿಸಲಿ' ಅನ್ನಬೇಕು. ಇಲ್ಲಿ ಯಾರೂ ತಿನ್ನಲಿಲ್ಲ, ಎಲ್ಲರಿಗೂ ಡಯಟ್ ಅಂತೆ."

ಅವತ್ತು ಏಕಾದಶಿ, ನಾನು ಧಾನ್ಯ ತಿನ್ನುವ ಹಾಗಿಲ್ಲ. ಹೇಳಿದಾಗ ಅವರ ಮುಖ ಸಣ್ಣದಾಯಿತು.

"ನಿಮಗೂ ಡಯಟ್ಟಾ?"

"ಅಲ್ಲ, ದೇವರಿಗೋಸ್ಕರ ಉಪವಾಸ. ಡಬ್ಬಿ ಇಟ್ಟು ಹೋಗಿ. ನಾಳೆ ಬೆಳಿಗ್ಗೆ ನನ್ನ ಮೊದಲ ತುತ್ತು ನಿಮ್ಮಮ್ಮನ ಹೆಸರಿನಲ್ಲಿ."

"ನಾಳೆಯಾ? ಅಲ್ಲಿವರೆಗೆ ಅಮ್ಮ?"

"ಕಾಯ್ತಾರೆ. ನೀವು ಮನೆಗೆ ಬರುವವರೆಗೆ ಊಟಕ್ಕೆ ಕಾಯುತ್ತಿರಲಿಲ್ಲವಾ?"

ಎಲೆನಿ ನಗುತ್ತಲೇ ಕಣ್ಣೊರೆಸಿಕೊಂಡರು.

ದ್ವಾದಶಿ ಬೆಳಿಗ್ಗೆ ತೀರ್ಥ ತೆಗೆದುಕೊಂಡು, ಅವರು ಹೇಳಿಕೊಟ್ಟ ಮಾತು ಹೇಳಿ ಆ ಗೋಧಿ ತಿಂದೆ. ನಮ್ಮ ಯಜಮಾನರೂ ಹಾಗೇ ಹೇಳಿ ಒಂದು ಚಮಚ ಬಾಯಿಗೆ ಹಾಕಿಕೊಂಡರು. "ಒಳ್ಳೆಯದುಂಟು ಮಾರಾಯ್ತಿ. ಆದರೆ ಪಾಪ, ಆ ದ್ವೀಪದಲ್ಲಿ ತೆಂಗಿನಕಾಯಿ ಸಿಗುವುದಿಲ್ಲ ಅಂತ ಕಾಣ್ತದೆ" ಎಂದರು.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರನ್ನೂ ದೇವರು ತಣ್ಣಗಿಡಲಿ.